ತಪ್ಪು ಯಾರದು, ಹೊಣೆ ಯಾರದು?

ನಡೆಯಲು ಕಲಿಯುತ್ತಿರುವ ಮಗು ಎಡವಿ ಬಿದ್ದು ಅಳತೊಡಗಿದರೆ ನಮ್ಮ ಮನೆಗಳಲ್ಲಿ ಒಂದು ಆಟ ನಡೆಯುತ್ತದೆ. ಅಜ್ಜಿಯೋ ಅತ್ತೆಯೋ ಓಡಿ ಬಂದು ಮಗುವನ್ನು ಎತ್ತಿಕೊಂಡು, ನೆಲಕ್ಕೆ ಎರಡು ಏಟು ಹಾಕಿ, "ನೋಡು, ನಮ್ಮ ಪುಟ್ಟನ್ನ ಬೀಳಿಸಿದ ನೆಲಕ್ಕೆ ಹೊಡೆದೆ, ಸರಿಹೋಯ್ತಾ?" ಎನ್ನುತ್ತಾರೆ. ಮಗು ಅಳು ನಿಲ್ಲಿಸಿ ನಗುತ್ತದೆ. ಪ್ರೀತಿಯ ಆಟ, ಅದರಲ್ಲಿ ಕೇಡೇನೂ ಇಲ್ಲ. ಆದರೂ ಆ ಆಟದೊಳಗೆ ಒಂದು ಪಾಠ ಅಡಗಿದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ನೋವಾಯಿತೆಂದರೆ ಅದಕ್ಕೊಬ್ಬ ಅಪರಾಧಿ ಇರಲೇಬೇಕು, ಅವನಿಗೆ ಏಟು ಬಿದ್ದರೆ ನಮ್ಮ ನೋವು ಕಡಿಮೆಯಾಗುತ್ತದೆ ಎಂಬುದೇ ಆ ಪಾಠ. ಮಗು ದೊಡ್ಡದಾಗಿ ಆಟ ಮರೆಯುತ್ತದೆ, ಪಾಠವನ್ನು ಮಾತ್ರ ಮರೆಯುವುದಿಲ್ಲ. ಕೆಲಸ ಹೋದರೆ, ಸಂಬಂಧ ಮುರಿದರೆ, ಕಾಯಿಲೆ ಬಂದರೆ ನಾವು ಮೊದಲು ಕೇಳುವ ಪ್ರಶ್ನೆ "ಈಗೇನು ಮಾಡೋಣ?" ಎಂಬುದಲ್ಲ, "ಯಾರಿಂದ ಹೀಗಾಯಿತು?" ಎಂಬುದು.

ಪ್ರತಿ ನೋವಿಗೂ ತಪ್ಪಿತಸ್ಥರು ಇರಲೇಬೇಕೆ? ಈ ಪ್ರಶ್ನೆಯನ್ನು ನನ್ನೆದುರು ತಂದು ನಿಲ್ಲಿಸಿದ್ದು ಯಾವ ದೊಡ್ಡ ಗ್ರಂಥವೂ ಅಲ್ಲ, ಒಂದು ಮೀನು. ಜೆ.ಪಿ. ನಗರದಲ್ಲಿ ಕುಳಿತು ಸಮುದ್ರದ ಮೀನಿನ ಬಗ್ಗೆ ಯೋಚಿಸುವುದೇ ಎಂದು ನೀವು ನಗಬಹುದು. ರಾಗಿಗುಡ್ಡದ ಗಂಟೆ ಕೇಳಿಸುವಷ್ಟು ದೂರದಲ್ಲಿ ನಮ್ಮ ಮನೆ. ಇಲ್ಲಿಂದ ಸಮುದ್ರಕ್ಕೆ ಒಂದು ರಾತ್ರಿಯ ಪ್ರಯಾಣ. ಆದರೆ ನಮ್ಮ ಬೀದಿಯಲ್ಲಿ ಶುಕ್ರವಾರ ಸಂಜೆ ನಿಂತು ನೋಡಿ, ಬ್ಯಾಗು ಹೆಗಲಿಗೇರಿಸಿ ಉಡುಪಿ, ಗೋಕರ್ಣ, ಮುರುಡೇಶ್ವರದ ಬಸ್ಸು ಹತ್ತುವವರು ಎಷ್ಟು ಜನ! ಬಯಲುಸೀಮೆಯವರಾದ ನಮಗೆ ಸಮುದ್ರವೆಂದರೆ ರಜೆ. ಮೂರು ದಿನ ಇದ್ದು, ನೀರಲ್ಲಿ ಆಡಿ, ಕಪ್ಪೆಚಿಪ್ಪು ಆರಿಸಿಕೊಂಡು ಬರುವ ಜಾಗ. ಅದು ಯಾರದೋ ಮನೆ ಎಂಬುದು ನಮಗೆ ಹೊಳೆಯುವುದೇ ಇಲ್ಲ.

ನಾನು ಹೇಳುತ್ತಿರುವ ಮೀನಿಗೆ ಕರಾವಳಿಯಲ್ಲಿ ತೊರಕೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ. ಮೊರದ ಹಾಗೆ ಚಪ್ಪಟೆಯಾದ ಮೈ, ಹಿಂದೆ ಚಾಟಿಯಂಥ ಬಾಲ. ಶಾರ್ಕಿನ ಬಳಗದ್ದು, ಮೈಯಲ್ಲಿ ಗಟ್ಟಿ ಎಲುಬಿಲ್ಲ, ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿ. ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕೆಳಗೆ. ಆಳವಿಲ್ಲದ, ಅಲೆ ಕಡಿಮೆ ಇರುವ ನೀರಿನ ತಳದಲ್ಲಿ ಮೈಮೇಲೆ ಮರಳು ಎಳೆದುಕೊಂಡು ಮಲಗುತ್ತದೆ. ಕಣ್ಣಿನ ಹಿಂದಿರುವ ಎರಡು ರಂಧ್ರಗಳಿಂದ ನೀರೆಳೆದುಕೊಂಡು ಉಸಿರಾಡುತ್ತದೆ. ಬಾಲದ ಮೇಲೆ ಗರಗಸದ ಹಲ್ಲಿನಂಥ ಅಂಚುಳ್ಳ ಒಂದು ಮುಳ್ಳು, ಕೆಲವಕ್ಕೆ ಒಂದಕ್ಕಿಂತ ಹೆಚ್ಚು. ಆ ಮುಳ್ಳಿಗೆ ತೆಳ್ಳನೆಯ ಪೊರೆ, ಪೊರೆಯೊಳಗೆ ವಿಷ. ಯಾರಾದರೂ ಮೇಲೆ ಕಾಲಿಟ್ಟರೆ ಬಾಲ ಸರಕ್ಕನೆ ಮೇಲೆದ್ದು ಚುಚ್ಚುತ್ತದೆ. ಪೊರೆ ಹರಿದು ವಿಷ ಗಾಯದೊಳಗೆ ಸೇರುತ್ತದೆ. ಹಾಗಾಗಿಯೇ ಹೆಚ್ಚಿನ ಗಾಯಗಳು ಪಾದಕ್ಕೆ, ಹರಡಿಗೆ, ಮೀನಖಂಡಕ್ಕೆ ಆಗುವಂಥವು.

ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಮ್ಮ ಬಳಗದ ಮೂರು ಸಂಸಾರಗಳು ಕುಂದಾಪುರದ ಕಡೆಯ ಒಂದು ಸಣ್ಣ ಮೀನುಗಾರರ ಊರಿಗೆ ಹೋಗಿದ್ದೆವು. ಹೊಳೆ ಸಮುದ್ರ ಸೇರುವ ಜಾಗ, ನೀರು ಶಾಂತವಾಗಿತ್ತು. ನನ್ನ ತಂಗಿಯ ಮಗಳು ಆಗ ಪದವಿಯ ಎರಡನೇ ವರ್ಷದಲ್ಲಿದ್ದಳು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವಳು ಇದ್ದಕ್ಕಿದ್ದಂತೆ "ದೊಡ್ಡಮ್ಮಾ!" ಎಂದು ಕೂಗಿದಳು. ಆ ಕೂಗು ಆಟದ ಕೂಗಾಗಿರಲಿಲ್ಲ. ಎತ್ತಿಕೊಂಡು ದಡಕ್ಕೆ ತಂದೆವು. ಹರಡಿನ ಬಳಿ ಒಂದು ಅಂಗುಲದಷ್ಟು ಸೀಳು, ರಕ್ತ ಸುರಿಯುತ್ತಿತ್ತು. ಗಾಯ ನೋಡಿದರೆ ಅಷ್ಟೇನೂ ದೊಡ್ಡದಲ್ಲ, ಆದರೆ ಹುಡುಗಿ ನೋವಿನಿಂದ ಬೆವರಿ, ಹಲ್ಲು ಕಚ್ಚಿ, ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದಳು.

ಆ ಹತ್ತು ನಿಮಿಷಗಳಲ್ಲಿ ಅವಳ ಸುತ್ತ ನಡೆದದ್ದನ್ನು ನಾನು ಮರೆಯಲಾರೆ. ಅವಳ ಅಪ್ಪ, ಮಗಳೆಂದರೆ ಪ್ರಾಣ ಬಿಡುವ ಮನುಷ್ಯ, "ಅಷ್ಟು ದೂರ ಹೋಗಬೇಡ ಅಂತ ಹೇಳಿರಲಿಲ್ವಾ? ಯಾರ ಮಾತು ಕೇಳ್ತೀಯ ನೀನು!" ಎಂದು ಗದರಿದರು. ಅವರ ದನಿಯಲ್ಲಿದ್ದದ್ದು ಭಯ, ಬಾಯಿಗೆ ಬಂದದ್ದು ಬೈಗುಳ. ಇನ್ನೊಬ್ಬರು, ಇಲ್ಲಿ ಒಂದು ಬೋರ್ಡು ಹಾಕಬಾರದೇ ಎಂದು ಸರ್ಕಾರವನ್ನು ಬೈದರು. ಮತ್ತೊಬ್ಬರು, ಈ ಜಾಗ ಆರಿಸಿದ್ದು ಯಾರು ಎಂದು ಕೇಳಿದರು. ಒಬ್ಬ ಹುಡುಗ ಕೋಲು ಹಿಡಿದು ಮೀನನ್ನು ಹುಡುಕಿ ಹೊಡೆಯುತ್ತೇನೆಂದು ನೀರಿಗೇ ಇಳಿದ. ಅಂಗಡಿಯಿಂದ ಯಾರೋ ಐಸ್ ತಂದರು, ಯಾರೋ ಅರಿಶಿನ ಇದೆಯಾ ಎಂದರು. ಅಷ್ಟರಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ಗುಂಪನ್ನು ಸರಿಸಿ ಒಳಬಂದು ಗಾಯ ನೋಡಿ, "ತೊರ್ಕೆ ಹೊಡ್ದದ್ದ್. ಐಸ್ ಬ್ಯಾಡ, ಬಿಸಿ ನೀರ್ ತಕಂಡ್ ಬನಿ, ಬೇಗ" ಎಂದರು. ಯಾರೂ ಕದಲದಿದ್ದಾಗ ತಾವೇ ಚಾ ಅಂಗಡಿಗೆ ಹೋಗಿ ಒಂದು ಬಕೆಟ್ಟಿನಲ್ಲಿ ಬಿಸಿನೀರು ಹದ ಮಾಡಿಕೊಂಡು ತಂದರು. ಮೊದಲು ತಮ್ಮ ಕೈ ಅದ್ದಿ ನೋಡಿದರು, ಆಮೇಲೆ ನನ್ನ ಕೈಯನ್ನೂ ಅದ್ದಿಸಿದರು, ಆಮೇಲೆ ಹುಡುಗಿಯ ಕಾಲಿಟ್ಟರು. ನೀರು ಆರಿದಂತೆಲ್ಲ, ಅವಳ ಕಾಲನ್ನು ಹೊರತೆಗೆದು, ಸ್ವಲ್ಪ ಸ್ವಲ್ಪ ಬಿಸಿನೀರು ಬೆರೆಸಿ, ಮತ್ತೆ ಹದ ನೋಡಿ ಒಳಗಿಡುತ್ತಿದ್ದರು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳ ಹಿಡಿದ ಮುಷ್ಟಿ ಸಡಿಲವಾಯಿತು.

ಕೋಲು ಹಿಡಿದು ಹೊರಟಿದ್ದ ಹುಡುಗ ಹಿಂತಿರುಗಿದಾಗ ಆಕೆ ಅವನನ್ನು ನೋಡಿ ನಕ್ಕುಬಿಟ್ಟರು. ನನ್ನ ಕಡೆ ತಿರುಗಿ, "ಅದೆಂತ ಮಾಡತ್ತ್ ಅಮ್ಮ? ಅದ್ ಅದ್ರಷ್ಟಕ್ಕೆ ಮಲ್ಕಂಡಿತ್ತ್. ಮೇಲೆ ಕಾಲಿಟ್ರೆ ನೀವಾದ್ರೂ ಸುಮ್ನಿರ್ತ್ರಿಯಾ?" ಎಂದರು.

ಬಿಸಿನೀರಿನಿಂದ ನೋವು ಇಳಿದದ್ದು ಹೇಗೆ ಎಂದು ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಬಳಿ ಕೇಳಿದೆ. ನಾನು ಬಿ.ಎ. ಓದಿದವಳು, ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಅವರು ನನಗೆ ಅರ್ಥವಾಗುವ ಹಾಗೆ ಹೇಳಿದರು. ತೊರಕೆಯ ವಿಷ ಪ್ರೋಟೀನಿನಿಂದ ಆದದ್ದು. ಮೊಟ್ಟೆ ಬೇಯುವುದು ಶಾಖಕ್ಕೆ ಪ್ರೋಟೀನು ತನ್ನ ರೂಪ ಕಳೆದುಕೊಳ್ಳುವುದರ ಉದಾಹರಣೆ. ಈ ವಿಷವೂ ಶಾಖಕ್ಕೆ ತಡೆಯದಂಥದ್ದು. ವೈದ್ಯರು ಹೇಳುವ ಉಪಚಾರವೂ ಇದೇ. ಗಾಯವಾದ ಭಾಗವನ್ನು ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿ, ಅಂದರೆ ಹೆಚ್ಚೆಂದರೆ 45 ಡಿಗ್ರಿ ಸೆಲ್ಸಿಯಸ್ ಇರುವ ನೀರಿನಲ್ಲಿ, 30ರಿಂದ 90 ನಿಮಿಷ ಇರಿಸುವುದು. ಮಗುವಿನ ಸ್ನಾನದ ನೀರಿಗಿಂತ ಬಿಸಿ, ಆದರೆ ಚರ್ಮ ಸುಡಬಾರದು. ನೋವಿನಲ್ಲಿರುವವರಿಗೆ ಗಾಯದ ಕಾಲಿನಲ್ಲಿ ಬಿಸಿಯ ಹದ ತಿಳಿಯುವುದಿಲ್ಲ. ಅದಕ್ಕೇ ಬೇರೆಯವರ ಕೈ ಅಥವಾ ಗಾಯವಿಲ್ಲದ ಕಾಲು ಅದ್ದಿ ನೋಡಬೇಕು. ಆ ಹೆಂಗಸು ನನ್ನ ಕೈಯನ್ನೂ ಅದ್ದಿಸಿದ್ದರ ಗುಟ್ಟು ಆಗ ತಿಳಿಯಿತು.

ಓದುವವರಿಗೆ ಉಪಯೋಗಕ್ಕೆ ಬರಲಿ ಎಂದು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮೊದಲು ನೀರಿನಿಂದ ಹೊರಗೆ ಕರೆತರಬೇಕು, ಏಕೆಂದರೆ ನೋವಿಗೆ ತಲೆ ಸುತ್ತಿ ಬಿದ್ದರೆ ಮೊಣಕಾಲುದ್ದ ನೀರೂ ಅಪಾಯವೇ. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಯವನ್ನು ಶುದ್ಧ ನೀರಿನಿಂದ ತೊಳೆಯಬೇಕು. ಗಾಯ ಕೊಯ್ಯುವುದು, ಬಾಯಿಂದ ವಿಷ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಐಸ್ ಇಡುವುದು, ಅರಿಶಿನ ಕಾಫಿಪುಡಿ ಮೆತ್ತುವುದು ಯಾವುದೂ ಬೇಡ. ಮುಳ್ಳು ಆಳವಾಗಿ ನಾಟಿಕೊಂಡಿದ್ದರೆ ಎಳೆದು ತೆಗೆಯಬಾರದು. ಅದರ ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಎಳೆದಷ್ಟೂ ಒಳಗಿನ ಮಾಂಸ ಹರಿಯುತ್ತದೆ. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರಂತೂ ಅದನ್ನು ಮುಟ್ಟಲೇಬಾರದು, ಬಿಸಿನೀರಿಗೂ ಕಾಯಬಾರದು, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು, ನಿಲ್ಲದ ರಕ್ತ ಇವಕ್ಕೂ ಹಾಗೆಯೇ. ಕಾಲಿನ ಸಣ್ಣ ಗಾಯವಾದರೂ ನೋವು ಇಳಿಯಿತೆಂದು ಮನೆಗೆ ಹೋಗಬಾರದು. ಮುಳ್ಳಿನ ಚೂರು ಒಳಗೇ ಮುರಿದಿರಬಹುದು. ಸಮುದ್ರದ ನೀರಿನ ಗಾಯ ಬೇಗ ಕೀವಾಗುತ್ತದೆ. ನಮ್ಮ ಹುಡುಗಿಯನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯೆ ಗಾಯ ತೊಳೆದು, ಎಕ್ಸ್‌ರೇ ತೆಗೆಸಿ, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು, ಹೊಲಿಗೆ ಹಾಕದೆ ಕಟ್ಟು ಕಟ್ಟಿದರು. ಕೆಂಪಾದರೆ, ಊದಿದರೆ, ಜ್ವರ ಬಂದರೆ ತಡಮಾಡದೆ ತೋರಿಸಬೇಕೆಂದು ಹೇಳಿ ಕಳಿಸಿದರು.

ಇಷ್ಟು ಕೆಲಸ ಮಾಡಬೇಕಾಗಿದ್ದ ಹೊತ್ತಿನಲ್ಲಿ ನಮ್ಮ ಗುಂಪು ಹತ್ತು ನಿಮಿಷ ಅಪರಾಧಿಯನ್ನು ಹುಡುಕಿತು. ಆ ಹತ್ತು ನಿಮಿಷಗಳ ನೋವನ್ನು ಅನುಭವಿಸಿದವಳು ಆ ಹುಡುಗಿ. ಅಪರಾಧಿಗಳ ಪಟ್ಟಿಯಲ್ಲಿ ಮೊದಲನೆಯ ಹೆಸರೂ ಅವಳದೇ. ಇದನ್ನು ನಾವು ಹೆಂಗಸರು ಗಮನಿಸಬೇಕು. ಹೆಣ್ಣುಮಕ್ಕಳಿಗೆ ಏನೇ ಆದರೂ "ನೀನ್ಯಾಕೆ ಅಲ್ಲಿಗೆ ಹೋದೆ?" ಎಂಬ ಮಾತು ಔಷಧಿಗಿಂತ ಮುಂಚೆ ಬರುತ್ತದೆ. ಬಸ್ಸಿನಲ್ಲಿ ಯಾರೋ ಕೈ ಹಾಕಿದರೂ ಅದೇ ಪ್ರಶ್ನೆ, ಸ್ಕೂಟರಿಂದ ಬಿದ್ದರೂ ಅದೇ ಪ್ರಶ್ನೆ. ಈ ಪ್ರಶ್ನೆ ಕೇಳಿ ಕೇಳಿ ಬೆಳೆದ ಹುಡುಗಿ ಮುಂದೊಂದು ದಿನ ನಿಜವಾದ ಸಂಕಟ ಬಂದಾಗ ಬಾಯಿ ಬಿಡುವುದಿಲ್ಲ. ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾಳೆ.

ಅಪರಾಧಿಗಳ ಪಟ್ಟಿಯಲ್ಲಿ ಎರಡನೆಯದು ಮೀನು. ಇದು ನಮ್ಮ ಗುಂಪಿನ ಹುಡುಗನೊಬ್ಬನ ಹುಚ್ಚಾಟವಲ್ಲ. ಟಿ.ವಿ.ಯಲ್ಲಿ ಮೊಸಳೆಗಳೊಡನೆ ಆಡುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ನಿಮಗೆ ನೆನಪಿರಬಹುದು. 2006ರ ಸೆಪ್ಟೆಂಬರ್ 4ರಂದು ಕ್ವೀನ್ಸ್‌ಲ್ಯಾಂಡಿನ ಬ್ಯಾಟ್ ರೀಫ್ ಬಳಿ ಸಾಕ್ಷ್ಯಚಿತ್ರದ ಚಿತ್ರೀಕರಣದ ವೇಳೆ ತೊರಕೆಯೊಂದರ ಮುಳ್ಳು ಎದೆಗೆ ನಾಟಿ ಅವರು ತೀರಿಕೊಂಡರು. ಆಗ ಅವರಿಗೆ 44 ವರ್ಷ. ತೊರಕೆಯಿಂದ ಸಾವು ತೀರಾ ಅಪರೂಪ, ಅದಕ್ಕೇ ಜಗತ್ತೆಲ್ಲ ಬೆರಗಾಯಿತು. ಮುಂದಿನ ದಿನಗಳಲ್ಲಿ ಅಲ್ಲಿನ ಕಡಲತೀರಗಳಲ್ಲಿ ಬಾಲ ಕತ್ತರಿಸಿದ ತೊರಕೆಗಳು ಸತ್ತು ಬಿದ್ದಿದ್ದವು. ಅಭಿಮಾನಿಗಳ ಸೇಡು ಇರಬಹುದೆಂದು ಎಲ್ಲರಿಗೂ ಸಂಶಯ. ಪ್ರಾಣಿಗಳನ್ನು ಪ್ರೀತಿಸಿ ಎಂದು ಬದುಕಿಡೀ ಹೇಳಿದವನ ಹೆಸರಿನಲ್ಲಿ ಪ್ರಾಣಿಗಳ ಕೊಲೆ! ಇದು ಸ್ಟೀವ್ ಬಯಸುವಂಥ ಕೆಲಸವಲ್ಲ ಎಂದು ಅವರು ಕಟ್ಟಿದ್ದ ಸಂಸ್ಥೆಯವರೇ ಜನರಿಗೆ ಹೇಳಬೇಕಾಯಿತು. ನೆಲಕ್ಕೆ ಹೊಡೆಯುವ ಆಟ ಬೆಳೆದು ದೊಡ್ಡದಾದರೆ ಹೀಗಾಗುತ್ತದೆ.

ಈ ಮಾತು ಬಂದಾಗ ನಮ್ಮವರು ಸಾಧು ಮತ್ತು ಚೇಳಿನ ಕಥೆ ಹೇಳುತ್ತಾರೆ. ನೀರಿಗೆ ಬಿದ್ದ ಚೇಳನ್ನು ಸಾಧು ಎತ್ತುತ್ತಾನೆ, ಅದು ಕುಟುಕುತ್ತದೆ, ಮತ್ತೆ ಎತ್ತುತ್ತಾನೆ. ಕುಟುಕುವುದು ಅದರ ಗುಣ, ಕಾಪಾಡುವುದು ನನ್ನ ಗುಣ ಎನ್ನುತ್ತಾನೆ. ಶಾಲೆಯಲ್ಲಿ ನೂರು ಸಲ ಹೇಳಿರುವ ಕಥೆ. ಆದರೆ ತೊರಕೆಯ ವಿಷಯಕ್ಕೆ ಅದು ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ. ಚುಚ್ಚುವುದು ತೊರಕೆಯ ಗುಣವಲ್ಲ. ಮನುಷ್ಯ ಬರುವ ಸುಳಿವು ಸಿಕ್ಕಿದರೆ ಅದು ಸರಿದು ಹೋಗುತ್ತದೆ. ಓಡಲು ದಾರಿಯಿಲ್ಲದೆ ಮೈಮೇಲೆ ಭಾರ ಬಿದ್ದಾಗ ಮಾತ್ರ ಬಾಲ ಏಳುತ್ತದೆ. ನಾವು ಅದಕ್ಕೆ ಕೊಟ್ಟ ನೋವನ್ನು ಕಥೆಯಿಂದ ಬಿಟ್ಟು, ಅದು ನಮಗೆ ಕೊಟ್ಟ ನೋವನ್ನು ಮಾತ್ರ ಅದರ ಗುಣವೆಂದು ಬರೆದುಕೊಂಡಿದ್ದೇವೆ. ಸಾಧುವಿನ ದೊಡ್ಡತನ ಚೇಳನ್ನು ಕ್ಷಮಿಸುವುದರಲ್ಲಿದೆ. ಆದರೆ ತಪ್ಪೇ ಮಾಡದವರನ್ನು ಕ್ಷಮಿಸುವುದೂ ಒಂದು ಬಗೆಯ ಅಹಂಕಾರವಲ್ಲವೇ?

ಹಾಗಾದರೆ ತಪ್ಪು ಯಾರದು? ಹುಡುಗಿಗೆ ಮೀನು ಕಂಡಿರಲಿಲ್ಲ. ಮೀನಿಗೆ ಹುಡುಗಿ ಬರುವುದು ತಿಳಿದಿರಲಿಲ್ಲ. ಅವಳಲ್ಲಿ ದ್ವೇಷವಿರಲಿಲ್ಲ, ಅದರಲ್ಲಿ ಸಿಟ್ಟಿರಲಿಲ್ಲ. ನೋವು ನಿಜ, ರಕ್ತ ನಿಜ, ಅಪರಾಧಿ ಮಾತ್ರ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ನಮಗೆ ಬಹಳ ಕಷ್ಟ. ಏಕೆಂದರೆ ಅಪರಾಧಿ ಸಿಕ್ಕರೆ ಜಗತ್ತು ಅರ್ಥವಾದಂತೆ ತೋರುತ್ತದೆ. ಸಿಗದಿದ್ದರೆ, ಯಾವ ಕ್ಷಣದಲ್ಲಿ ಯಾರಿಗೆ ಏನಾದರೂ ಆಗಬಹುದು ಎಂಬ ಭಯವನ್ನು ಎದುರಿಸಬೇಕಾಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತಾಗುತ್ತದೆ. "ಯಾರ ತಪ್ಪೂ ಇಲ್ಲ, ಎಲ್ಲ ಹಣೆಬರಹ" ಎಂದು ಕೈಚೆಲ್ಲುವವರೂ ನಮ್ಮಲ್ಲಿ ಕಡಿಮೆಯಿಲ್ಲ. ರಾಮಾಯಣದ ದಶರಥನನ್ನು ನೆನೆಸಿಕೊಳ್ಳಿ. ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದು ಕೇಳಿ, ಆನೆ ನೀರು ಕುಡಿಯುತ್ತಿದೆ ಎಂದು ಬಾಣ ಬಿಟ್ಟ. ಅದು ನಾಟಿದ್ದು ಕುರುಡ ತಂದೆತಾಯಿಯರ ಒಬ್ಬನೇ ಮಗನಿಗೆ. ಹುಡುಗನನ್ನು ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಕತ್ತಲೆಯನ್ನು ದೂರಿ ಅರಮನೆಗೆ ಹೋಗಿಬಿಡಬಹುದಾಗಿತ್ತು, ನೋಡಿದವರು ಯಾರೂ ಇರಲಿಲ್ಲ. ಆದರೆ ಅವನು ಆ ಕೊಡಕ್ಕೆ ನೀರು ತುಂಬಿಕೊಂಡು ಆ ಮುದುಕರ ಬಳಿಗೆ ತಾನೇ ನಡೆದುಹೋದ. ದಶರಥನ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಆ ನಡಿಗೆ. ಉದ್ದೇಶವಿಲ್ಲದ ಕೆಲಸಕ್ಕೆ ಎಷ್ಟು ತಪ್ಪು ಹೊರಿಸಬೇಕೆಂದು ಪಂಡಿತರು ವಾದಿಸಲಿ. ನೀರು ಕೊಂಡೊಯ್ಯುವ ಹೊಣೆ ಮಾತ್ರ ವಾದಕ್ಕೆ ಕಾಯುವುದಿಲ್ಲ.

ತಪ್ಪು ಬೇರೆ, ಹೊಣೆ ಬೇರೆ. ನಾವು ಇವೆರಡನ್ನೂ ಒಂದೇ ಎಂದು ತಿಳಿದುಬಿಟ್ಟಿದ್ದೇವೆ. ತಪ್ಪು ಹಿಂದಕ್ಕೆ ತಿರುಗಿ ನೋಡುತ್ತದೆ, ಹೊಣೆ ಮುಂದಕ್ಕೆ ನೋಡುತ್ತದೆ. "ನನ್ನ ತಪ್ಪಲ್ಲ" ಎಂದ ಕೂಡಲೇ "ನನಗೆ ಸಂಬಂಧವಿಲ್ಲ" ಎಂದುಕೊಳ್ಳುತ್ತೇವೆ. ಮೀನು ಒಣಗಿಸುತ್ತಿದ್ದ ಆ ಹೆಂಗಸಿನದು ಯಾವ ತಪ್ಪೂ ಇರಲಿಲ್ಲ. ಬಿಸಿನೀರು ತಂದವರು ಅವರೇ. ತಿಳಿದವರ ಮೇಲೆ ಹೊಣೆ ಬೀಳುತ್ತದೆ, ತಿಳಿವು ಇರುವುದೇ ಅದಕ್ಕೆ.

2013ರ ಗಣೇಶ ಹಬ್ಬದಲ್ಲಿ ಮುಂಬೈಯ ಗಿರಗಾಂವ್ ಚೌಪಾಟಿಯಲ್ಲಿ ಮೂರ್ತಿ ವಿಸರ್ಜನೆಗೆ ನೀರಿಗಿಳಿದ ಹಲವಾರು ಮಂದಿಗೆ ತೊರಕೆಗಳು ಚುಚ್ಚಿ, ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೇವರನ್ನು ಕಳಿಸಿಕೊಡಲು ಹೋದವರಿಗೆ ಹೀಗಾದರೆ ಯಾರನ್ನು ದೂರುವುದು? ಆದರೆ ನಂತರದ ವರ್ಷಗಳಲ್ಲಿ ಅಲ್ಲಿನ ಮಹಾನಗರ ಪಾಲಿಕೆ ವಿಸರ್ಜನೆಯ ಸಮಯಕ್ಕೆ ತೊರಕೆ ಮತ್ತು ಅಂಬಲಿ ಮೀನುಗಳ ಬಗ್ಗೆ ಜನರನ್ನು ಎಚ್ಚರಿಸತೊಡಗಿತು. ಬರಿಗಾಲಲ್ಲಿ ಇಳಿಯಬೇಡಿ, ಗಾಯವಾದರೆ ಇಂಥಲ್ಲಿಗೆ ಬನ್ನಿ ಎಂದು ಹೇಳತೊಡಗಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೀಲ್ ಬೀಚ್ ಎಂಬ ತೀರದಲ್ಲಿ ತೊರಕೆಗಳು ಹೆಚ್ಚು. ಅಲ್ಲಿ ಚುಚ್ಚಿಸಿಕೊಂಡು ಬಂದವರ ಕಾಲನ್ನು ಜೀವರಕ್ಷಕರು ಬಿಸಿನೀರಿನಲ್ಲಿ ಇರಿಸಿ ಉಪಚರಿಸುವುದು ವಾಡಿಕೆ. ಯಾರ ತಪ್ಪೂ ಅಲ್ಲದ ನೋವಿಗೆ ಒಂದು ಊರು ಹೊಣೆ ಹೊರುವುದೆಂದರೆ ಹೀಗೆ.

ಎಲ್ಲ ನೋವೂ ತೊರಕೆಯ ನೋವಿನಂಥದ್ದಲ್ಲ ಎಂಬುದನ್ನೂ ಹೇಳಬೇಕು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಆ ತಾಯಂದಿರಿಗೆ "ಯಾರನ್ನೂ ದೂರಬೇಡಿ" ಎಂದು ಹೇಳುವ ಅಧಿಕಾರ ನನಗಿಲ್ಲ. ಬೇರೆಯವರ ಮಕ್ಕಳನ್ನು ನಂಬಿಕೆಯ ಮೇಲೆ ಕರೆದೊಯ್ಯುವಾಗ ಹೊಣೆ ಮೊದಲೇ ಹೆಗಲೇರಿರುತ್ತದೆ. ಆ ಹೊಣೆಯಲ್ಲಿ ತಪ್ಪಿದರೆ ಅದು ತಪ್ಪೇ, ಅದರ ವಿಚಾರಣೆ ಆಗಲೇಬೇಕು. ಅಪರಾಧಿಯಿಲ್ಲದ ಕಡೆ ಅಪರಾಧಿಯನ್ನು ಹುಡುಕುವುದೂ, ಹೊಣೆಯಿರುವ ಕಡೆ ಹಣೆಬರಹವನ್ನು ತೋರಿಸುವುದೂ ಒಂದೇ ರೋಗದ ಎರಡು ಮುಖಗಳು.

ಆ ದಿನ ಆಸ್ಪತ್ರೆಗೆ ಹೊರಡುವ ಮುಂಚೆ ಆ ಹೆಂಗಸು ಇನ್ನೊಂದು ಮಾತು ಹೇಳಿದ್ದರು: "ನೀರಗೆ ಕಾಲ್ ಎತ್ತಿ ಎತ್ತಿ ಇಡುಕಾಗ, ಎಳ್ಕಂಡ್ ಹೋಯ್ಕ್." ಹೆಜ್ಜೆ ಎತ್ತಿ ಇಡಬಾರದು, ಪಾದವನ್ನು ಮರಳಿನ ಮೇಲೆ ಜಾರಿಸುತ್ತ, ಎಳೆಯುತ್ತ ನಡೆಯಬೇಕು ಎಂದು ಅದರ ಅರ್ಥ. ಮರಳು ಕದಡಿದಾಗ, ನೀರು ಅಲುಗಿದಾಗ ತೊರಕೆಗೆ ಯಾರೋ ಬರುತ್ತಿರುವುದು ತಿಳಿಯುತ್ತದೆ, ಎದ್ದು ಹೋಗುತ್ತದೆ. ಕಾಲು ಅಕಸ್ಮಾತ್ ತಾಗಿದರೂ ಅದರ ಬೆನ್ನ ಮೇಲೆ ಬೀಳುವುದಿಲ್ಲ, ಅಂಚಿಗೆ ತಾಗುತ್ತದೆ. ಜಗತ್ತಿನ ಎಲ್ಲ ಕಡಲತೀರಗಳಲ್ಲೂ ತಿಳಿದವರು ಹೇಳುವುದು ಇದನ್ನೇ. ದಪ್ಪ ಪಾದರಕ್ಷೆ ಸ್ವಲ್ಪ ಕಾಪಾಡೀತು, ಆದರೆ ಗಟ್ಟಿ ಮುಳ್ಳು ಅದನ್ನೂ ತೂರಬಲ್ಲದು. ಬಲೆಯಲ್ಲಿ ಬಂದ, ದಡದಲ್ಲಿ ಸತ್ತು ಬಿದ್ದ ತೊರಕೆಯ ಬಾಲವನ್ನೂ ಮುಟ್ಟಬಾರದು, ಅದರ ಮುಳ್ಳಿಗೆ ಸತ್ತ ಮೇಲೂ ಚುಚ್ಚುವ ಶಕ್ತಿ ಇರುತ್ತದೆ. ನೀರಿಗಿಳಿಯುವ ಮುಂಚೆ ಅಲ್ಲಿನ ಮೀನುಗಾರರನ್ನೋ ಜೀವರಕ್ಷಕರನ್ನೋ ಒಂದು ಮಾತು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಕಾಲೆಳೆದು ನಡೆಯುವ ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಹೆಣ್ಣುಮಕ್ಕಳು ಕಾಲೆಳೆದು ನಡೆಯಬಾರದು, ಸದ್ದು ಮಾಡದೆ ನಡೆಯಬೇಕು ಎಂದು ನಮ್ಮನ್ನು ಬೆಳೆಸಿದ್ದರು. ಚಪ್ಪಲಿ ಸದ್ದಾದರೆ ನನ್ನ ಸೋದರತ್ತೆ ಒಳಗಿನಿಂದಲೇ ಗದರುತ್ತಿದ್ದರು. ಆದರೆ ಅದೇ ಹಿರಿಯರು ರಾತ್ರಿ ತೋಟಕ್ಕೋ ಕೊಟ್ಟಿಗೆಗೋ ಹೋಗುವಾಗ ಕೋಲು ಕುಟ್ಟುತ್ತ, ಕೆಮ್ಮುತ್ತ ಹೋಗುತ್ತಿದ್ದರು. ಹಾವಿಗೆ ತಿಳಿಯಲಿ, ದಾರಿ ಬಿಡಲಿ ಎಂದು. ಹಾವನ್ನು ಹೊಡೆಯಲು ಹಿಡಿದ ಕೋಲಲ್ಲ ಅದು, ಹಾವಿಗೆ ಸುದ್ದಿ ಮುಟ್ಟಿಸಲು ಹಿಡಿದ ಕೋಲು. ಇನ್ನೊಬ್ಬರ ಜಾಗಕ್ಕೆ ಹೋಗುವಾಗ ನಾವು ಬರುತ್ತಿದ್ದೇವೆ ಎಂದು ತಿಳಿಸುವುದು ನಮ್ಮ ರಕ್ಷಣೆಯೂ ಹೌದು, ಅವರಿಗೆ ತೋರಿಸುವ ಮರ್ಯಾದೆಯೂ ಹೌದು. ಮನೆಗಳಲ್ಲಾದರೂ ಅಷ್ಟೇ. ಹರೆಯದ ಮಗಳ ಕೋಣೆಗೆ ಬಾಗಿಲು ತಟ್ಟಿ ಹೋಗುವ ತಾಯಿಯೂ, ಹೇಳದೆ ಕೇಳದೆ ಒಳನುಗ್ಗುವ ತಾಯಿಯೂ ಇಬ್ಬರೂ ಪ್ರೀತಿಸುವವರೇ. ಆದರೆ ಯಾರಿಗೆ ಮುಳ್ಳು ತಾಗುತ್ತದೆ ಎಂಬುದು ನಿಮಗೇ ಗೊತ್ತು.

ತೊರಕೆಯ ಬಗ್ಗೆ ಓದುತ್ತ ಹೋದಂತೆ, ಯಾರು ಯಾರಿಗೆ ಹೆದರಬೇಕು ಎಂಬುದೇ ತಲೆಕೆಳಗಾಯಿತು. ಬಹುತೇಕ ಮೀನುಗಳು ಮೊಟ್ಟೆಯಿಟ್ಟು ಹೋಗುತ್ತವೆ. ತೊರಕೆ ಮರಿಗಳನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು, ಗರ್ಭದೊಳಗೇ ಹಾಲಿನಂಥ ರಸ ಉಣ್ಣಿಸಿ ಹೆರುತ್ತದೆ. ಹೆರುವುದು ಕೆಲವೇ ಮರಿ, ಆದ್ದರಿಂದ ಹಿಡಿದಷ್ಟು ಬೇಗ ಸಂತತಿ ತುಂಬಿಕೊಳ್ಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮಲ್ಪೆಯ ದೋಣಿಯೊಂದಕ್ಕೆ ಎರಡು ಭಾರಿ ತೊರಕೆಗಳು ಸಿಕ್ಕ ಸುದ್ದಿ ಎಲ್ಲೆಡೆ ಓಡಾಡಿತ್ತು. ಒಂದರ ತೂಕ ಸುಮಾರು 750 ಕಿಲೋ, ಕ್ರೇನಿನಲ್ಲಿ ಎತ್ತಿದ್ದರು. ಅವು ಚುಚ್ಚುವ ಜಾತಿಯವಲ್ಲ, ಮ್ಯಾಂಟಾ ಎಂಬ ದೊಡ್ಡ ಜಾತಿಯವು. ನಮ್ಮ ಮೊಬೈಲುಗಳಿಗೂ ಆ ಚಿತ್ರ ಬಂತು, ಎಲ್ಲರೂ "ಅಬ್ಬಾ, ರಾಕ್ಷಸ ಮೀನು" ಎಂದರು. ಶಾರ್ಕ್ ಮತ್ತು ತೊರಕೆ ಬಳಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಭೀತಿಯಲ್ಲಿವೆ, ಅತಿಯಾದ ಮೀನುಗಾರಿಕೆಯೇ ಅದಕ್ಕೆ ಮುಖ್ಯ ಕಾರಣ ಎಂದು ವಿಜ್ಞಾನಿಗಳು 2021ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮೀನು ಹಿಡಿದು ಬದುಕುವವರನ್ನು ನಾನು ಇಲ್ಲಿ ದೂರುತ್ತಿಲ್ಲ, ಬಿಸಿನೀರು ತಂದ ಕೈಗಳೂ ಅವರವೇ. ರಾಕ್ಷಸ ಎಂಬ ಮಾತನ್ನು ಬಳಸುವ ಮುನ್ನ ಎರಡೂ ಕಡೆಯ ಗಾಯಗಳನ್ನು ಎಣಿಸಬೇಕು ಎಂದಷ್ಟೇ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಶಾಲೆಯಿಂದ ಕರಾವಳಿ ಪ್ರವಾಸ ಹೊರಟಾಗ ಪೋಷಕರಿಗೆ ಕಳಿಸುವ ಪತ್ರವನ್ನು ಬರೆಯುವ ಕೆಲಸ ನನಗೆ ಬಂತು. ಟವೆಲು, ಟಾರ್ಚು, ವಾಂತಿಯ ಮಾತ್ರೆ ಎಂಬ ಮಾಮೂಲಿ ಪಟ್ಟಿಯ ಕೆಳಗೆ ಮೂರು ಸಾಲು ಸೇರಿಸಿದೆ. ಜೀವರಕ್ಷಕರು ಇರುವ ತೀರದಲ್ಲಿ, ಶಿಕ್ಷಕರ ಜೊತೆಯಲ್ಲಿ ಮಾತ್ರ ಮೊಣಕಾಲಿನವರೆಗೆ ನೀರಿಗಿಳಿಸಲಾಗುವುದು. ನೀರಿನಲ್ಲಿ ಕಾಲೆಳೆದು ನಡೆಯುವುದನ್ನು ಮಕ್ಕಳಿಗೆ ಹೇಳಿಕೊಡಲಾಗುವುದು. ಬಿಸಿನೀರಿನ ಎರಡು ದೊಡ್ಡ ಫ್ಲಾಸ್ಕ್ ನಮ್ಮ ಜೊತೆಗಿರುತ್ತವೆ. ಮರುದಿನವೇ ಒಬ್ಬ ತಾಯಿ ಫೋನ್ ಮಾಡಿದರು. "ಮೇಡಂ, ಇಂಥದ್ದನ್ನೆಲ್ಲ ಬರೆದು ಮಕ್ಕಳನ್ನು ಹೆದರಿಸಬೇಕಾ? ನನ್ನ ಮಗಳು ರಾತ್ರಿಯಿಡೀ ಮೀನು ಮೀನು ಅಂತಿದ್ಲು. ಕಳಿಸೋದೋ ಬೇಡವೋ ಅಂತ ಯೋಚನೆ ಆಗಿದೆ" ಎಂದರು.

ಆಕೆಯ ಮಾತಿನಲ್ಲಿ ನ್ಯಾಯವಿತ್ತು. ತಿಳಿವು ಕೊಡುವಾಗ ಅದರ ಜೊತೆ ಸ್ವಲ್ಪ ಹೆದರಿಕೆಯೂ ಹೋಗುತ್ತದೆ. ಹೆದರಿಕೆಯನ್ನು ಬೇರ್ಪಡಿಸಿ ಬರಿಯ ತಿಳಿವನ್ನು ಕೊಡುವ ಜರಡಿ ನನ್ನ ಮೂವತ್ತು ವರ್ಷಗಳ ಅನುಭವದಲ್ಲಿ ಸಿಕ್ಕಿಲ್ಲ. ನಾನು ಅವರಿಗೆ ಇಷ್ಟೇ ಹೇಳಿದೆ: "ಅಮ್ಮ, ಹೆದರಿದ ಮಗು ದಡದಲ್ಲಿ ಕೂರುತ್ತೆ, ತಿಳಿದ ಮಗು ಕಾಲೆಳೆದುಕೊಂಡು ನೀರಿಗೆ ಹೋಗುತ್ತೆ. ಏನೂ ಗೊತ್ತಿಲ್ಲದ ಮಗು ಓಡಿಹೋಗಿ ಹಾರುತ್ತೆ. ನಿಮ್ಮ ಮಗಳು ಎರಡನೆಯದಾಗಲಿ ಅಂತ ನನ್ನಾಸೆ. ಮೊದಲ ದಿನ ದಡದಲ್ಲಿ ಕೂತರೂ ಪರವಾಗಿಲ್ಲ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರನ್ನು ಕೇಳಿ ಹೇಳ್ತೀನಿ" ಎಂದರು.

ಸೋಮವಾರ ಆ ಹುಡುಗಿ ಸಹಿ ಮಾಡಿಸಿದ ಪತ್ರ ತಂದು ಮೇಜಿನ ಮೇಲಿಟ್ಟಳು. ಪತ್ರದ ಕೆಳಗೆ ಅವಳ ತಾಯಿ ಒಂದು ಸಾಲು ಬರೆದಿದ್ದರು: "ಫ್ಲಾಸ್ಕ್ ಇನ್ನೊಂದು ಬೇಕಾದರೆ ನಮ್ಮ ಮನೆಯದು ಕಳಿಸುತ್ತೇನೆ."